ದುಡಿಯುವ ಮೈಗೆ ಕಸರತ್ತು ಯಾಕೆ?

“ಹೊಲದಾಗ ದಿನಾ ದುಡಿಯೋರಿಗೆ ಮತ್ತ ಕಸರತ್ತು ಯಾಕ ಬೇಕ್ರಿ?” ಹಳಿಯಾಳ ಸೀಮೆಯಲ್ಲಿ ವ್ಯಾಯಾಮದ ಮಾತು ಎತ್ತಿದರೆ ಮೊದಲು ಎದುರಾಗುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ಹುರುಳಿದೆ. ಇಲ್ಲಿಯ ಸಾಂಬ್ರಾಣಿ ಊರಿನ ಸುತ್ತ ಮಳೆಗಾಲದಲ್ಲಿ ಭತ್ತ, ಗೋವಿನಜೋಳ. ಮಳೆ ಹಿಂದಾದ ಮೇಲೆ ಕಬ್ಬಿನ ಕಟಾವು. ಊರಾಚೆ ಕಾಡು, ಕಾಡಿನಿಂದ ಸೌದೆ. ಬೆನ್ನು ಬಗ್ಗಿಸದೆ ಒಂದು ದಿನ ಕಳೆಯುವುದು ಇಲ್ಲಿ ಕಷ್ಟ.

ಆದರೆ ಇದೇ ಸೀಮೆಯ ಎರಡು ಸಂಗತಿಗಳು ಆ ಪ್ರಶ್ನೆಗೆ ಅಡ್ಡ ನಿಲ್ಲುತ್ತವೆ. ಮೊದಲನೆಯದು ಹಳಿಯಾಳದ ಕುಸ್ತಿ. ಇಲ್ಲಿ ಪೈಲ್ವಾನರಾದವರು ಬಹುಪಾಲು ರೈತರ, ಕೂಲಿಕಾರರ ಮಕ್ಕಳೇ. ಹೊಲದ ಕೆಲಸವೇ ಸಾಕಾಗುವಂತಿದ್ದರೆ ಅವರು ನಸುಕಿನಲ್ಲಿ ಎದ್ದು ಗರಡಿಯ ಕೆಮ್ಮಣ್ಣು ಮೆತ್ತಿಕೊಳ್ಳಬೇಕಿರಲಿಲ್ಲ, ದಂಡ ಹೊಡೆದು ಬಸ್ಕಿ ಹಾಕಬೇಕಿರಲಿಲ್ಲ. ಎರಡನೆಯದು ನಮ್ಮ ಅಜ್ಜಿಯರ ತೊಡೆ. ನಲವತ್ತು ವರ್ಷ ಸಸಿ ನೆಟ್ಟ ಹೆಂಗಸು ಅರವತ್ತೈದು ದಾಟಿದ ಮೇಲೆ ಮಣೆಯಿಂದ ಏಳುವಾಗ ಗೋಡೆಗೆ ಕೈ ಕೊಡುತ್ತಾಳೆ. ದಿನವಿಡೀ ಗದ್ದೆಯಲ್ಲಿ ನಿಲ್ಲುವ ಕಸುವು ಇನ್ನೂ ಇದೆ. ನೆಲದಿಂದ ಒಮ್ಮೆ ಎದ್ದು ನಿಲ್ಲುವ ಕಸುವು ಮಾತ್ರ ಇಲ್ಲ. ಒಂದೇ ಮೈಯಲ್ಲಿ ಇವೆರಡೂ ಹೇಗೆ ಸಾಧ್ಯ?

ಕರೆಯುವ ಸರದಿ

ಸ್ನಾಯು ಎಂದರೆ ಸಾವಿರಾರು ಸಣ್ಣ ಎಳೆಗಳ ಕಟ್ಟು. ಈ ಎಳೆಗಳಿಗೆ ತಾವಾಗಿ ಬಿಗಿಯುವ ಸ್ವಾತಂತ್ರ್ಯವಿಲ್ಲ. ಬೆನ್ನುಹುರಿಯಲ್ಲಿ ಕೂತ ಒಂದೊಂದು ನರಕೋಶ ತನ್ನದೇ ಒಂದಷ್ಟು ಎಳೆಗಳನ್ನು ಆಳುತ್ತದೆ. ನರಕೋಶ ಸಂದೇಶ ಕಳಿಸಿದರೆ ಅದರ ಕೈಕೆಳಗಿನ ಎಳೆಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ, ಇಲ್ಲದಿದ್ದರೆ ಒಂದೂ ಅಲುಗುವುದಿಲ್ಲ. ವಿಜ್ಞಾನಿಗಳು ಮೋಟಾರ್ ಯೂನಿಟ್ ಎಂದು ಕರೆಯುವ ಈ ಕೂಟವನ್ನು ನಾವು ಎಳೆತಂಡ ಎನ್ನೋಣ. ಕಣ್ಣು ಹೊರಳಿಸುವ ಸ್ನಾಯುವಿನಲ್ಲಿ ಒಂದು ತಂಡಕ್ಕೆ ಸುಮಾರು ಹತ್ತು ಎಳೆ. ಮೀನಖಂಡದಲ್ಲಿ ಒಂದೇ ನರಕೋಶದ ಕೆಳಗೆ ಸಾವಿರಕ್ಕೂ ಹೆಚ್ಚು ಎಳೆಗಳಿರುವ ದೊಡ್ಡ ತಂಡಗಳಿವೆ.

ಸಣ್ಣ ತಂಡಗಳ ಎಳೆಗಳು ತಾಳಿಕೆಯವು: ಕಡಿಮೆ ಬಲ, ಗಂಟೆಗಟ್ಟಲೆ ದಣಿಯದ ಗುಣ. ದೊಡ್ಡ ತಂಡಗಳ ಎಳೆಗಳು ಚುರುಕಿನವು: ಬಲ ಜಾಸ್ತಿ, ವೇಗ ಜಾಸ್ತಿ, ಬಹಳ ಬೇಗ ದಣಿವು. 1965ರಲ್ಲಿ ಅಮೆರಿಕದ ಶರೀರವಿಜ್ಞಾನಿ ಎಲ್‌ವುಡ್ ಹೆನ್‌ಮನ್ ಮತ್ತು ಸಂಗಡಿಗರು ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಒಂದು ನಿಯಮ ಕಂಡುಕೊಂಡರು. ಕೆಲಸ ಬಂದಾಗ ದೇಹ ಮೊದಲು ಸಣ್ಣ ತಂಡವನ್ನೇ ಕರೆಯುತ್ತದೆ. ಅದರಿಂದಾಗದಿದ್ದರೆ ಅದಕ್ಕಿಂತ ಸ್ವಲ್ಪ ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ಈ ಸರದಿ ತಪ್ಪುವುದು ತೀರ ಅಪರೂಪ.

ಕೆಸರಿನಲ್ಲಿ ಹೂತ ಚಕ್ಕಡಿಯನ್ನು ನೆನಪಿಸಿಕೊಳ್ಳಿ. ಗಾಲಿ ಸ್ವಲ್ಪ ಸಿಕ್ಕಿದ್ದರೆ ಚಕ್ಕಡಿಯವನೇ ಹೆಗಲು ಕೊಟ್ಟು ನೂಕುತ್ತಾನೆ. ಅಚ್ಚಿನ ತನಕ ಇಳಿದಿದ್ದರೆ ಪಕ್ಕದ ಹೊಲದವರನ್ನು ಕೂಗುತ್ತಾನೆ. ಕಬ್ಬು ತುಂಬಿದ ಗಾಡಿ ಪೂರ್ತಿ ಕೂತುಬಿಟ್ಟರೆ ಮಾತ್ರ ಊರ ಗರಡಿಗೆ ಹೇಳಿಕಳಿಸಿ ಪೈಲ್ವಾನರನ್ನು ಕರೆಸುತ್ತಾರೆ. ಅವರು ಬಂದು ನಾಲ್ಕು ಸಲ ಜೋರಾಗಿ ನೂಕಿ ಕೆಲಸ ಮುಗಿಸಿ ಹೋಗುತ್ತಾರೆ. ನಮ್ಮ ಸ್ನಾಯುವಿನೊಳಗಿನ ಕರೆಯೂ ಇದೇ ಕ್ರಮದ್ದು.

ಈಗ ಅಜ್ಜಿಯನ್ನು ಹತ್ತಿರದಿಂದ ನೋಡಿ. ಸಸಿ ನೆಡುವಾಗ ಆಕೆಯ ಬೆನ್ನು, ತೊಡೆ ದಿನವಿಡೀ ಕೆಲಸದಲ್ಲಿವೆ. ಆದರೆ ಒಂದೊಂದು ಕ್ಷಣಕ್ಕೆ ಬೇಕಾದ ಬಲ ಕಡಿಮೆ. ಸಣ್ಣ ತಂಡಗಳೇ ಅದನ್ನು ತೂಗಿಸುತ್ತವೆ. ಮಣೆಯಿಂದ ಏಳುವ ಲೆಕ್ಕ ಬೇರೆ. ಮೈ ಮುಂದಕ್ಕೆ ವಾಲುತ್ತದೆ, ಅಂಡು ಮಣೆಯಿಂದ ಬಿಡುತ್ತದೆ, ಆ ಗಳಿಗೆಯಲ್ಲಿ ಇಡೀ ದೇಹದ ತೂಕ ಮಡಚಿದ ಎರಡು ಮೊಣಕಾಲುಗಳ ಮೇಲೆ ಬೀಳುತ್ತದೆ. ಮೊಣಕಾಲು ಪೂರ್ತಿ ಮಡಚಿರುವಾಗ ತೊಡೆಯ ಸ್ನಾಯು ಹಾಕಬೇಕಾದ ಬಲ ದೊಡ್ಡದು, ಸಿಗುವ ಸಮಯ ಒಂದೆರಡು ಸೆಕೆಂಡು. ದೊಡ್ಡ ತಂಡಗಳು ಬರಲೇಬೇಕು. ಕರೆ ಹೋಗುತ್ತದೆ, ಬರುವವರು ಸಾಲದು. ಕೈ ಗೋಡೆಗೆ ಹೋಗುತ್ತದೆ.

ಕರೆಯದೆ ಬಿಟ್ಟ ಪೈಲ್ವಾನರು

ಆ ದೊಡ್ಡ ತಂಡಗಳು ಎಲ್ಲಿಗೆ ಹೋದವು? ವಯಸ್ಸಾದಂತೆ ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅವುಗಳ ಎಳೆಗಳು ಒಡೆಯನಿಲ್ಲದೆ ಉಳಿಯುತ್ತವೆ. ಕೆಲವಕ್ಕೆ ಪಕ್ಕದ ಸಣ್ಣ ತಂಡದ ನರ ಕೊಂಬೆ ಚಾಚಿ ಆಸರೆ ಕೊಡುತ್ತದೆ. ಹಾಗೆ ಉಳಿದ ಎಳೆ ಚುರುಕು ಬಿಟ್ಟು ತಾಳಿಕೆಯ ಎಳೆಯಾಗಿ ಬದಲಾಗುತ್ತದೆ. ಆಸರೆ ಸಿಗದವು ಸೊರಗಿ ಹೋಗುತ್ತವೆ. ಉಳಿದ ಚುರುಕಿನ ಎಳೆಗಳೂ ಬಳಕೆಯಿಲ್ಲದೆ ತೆಳ್ಳಗಾಗುತ್ತವೆ. 1988ರಲ್ಲಿ ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಜೊತೆಗಾರರು, ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ತೊಡೆಯ ಸ್ನಾಯುವನ್ನು ಅಡ್ಡಕ್ಕೆ ಕತ್ತರಿಸಿ ಎಳೆಗಳನ್ನು ಎಣಿಸಿದರು. 20ರಿಂದ 80ರ ವಯಸ್ಸಿನ ನಡುವೆ ಆ ಸ್ನಾಯುವಿನ ಗಾತ್ರ ಸರಾಸರಿ ಶೇ. 40ರಷ್ಟು ಇಳಿದಿತ್ತು. ಮರುವರ್ಷ ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಈ ಸವಕಳಿಗೆ ಸಾರ್ಕೊಪೀನಿಯ ಎಂಬ ಹೆಸರು ಕೊಟ್ಟರು. ನಾವು ಸ್ನಾಯುಸವೆತ ಎನ್ನಬಹುದು.

ಅಂಗಳದ ಕಲ್ಲಿಗೆ ಕಾಲು ಎಡವಿದಾಗ ಇನ್ನೊಂದು ಕಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಬಂದು ಮೈಯನ್ನು ತಡೆಯಬೇಕು. ಅಷ್ಟು ಬೇಗ ಅಷ್ಟು ಬಲ ಕೊಡುವುದು ಚುರುಕಿನ ಎಳೆಗಳೇ. ನಮ್ಮ ಹಿರಿಯರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ನುಣುಪಾದ ನೆಲದಷ್ಟೇ ಈ ಸವೆತವೂ ಕಾರಣ.

ದುಡಿತ ಬೇರೆ, ತಾಲೀಮು ಬೇರೆ

ಹಾಗಾದರೆ ಸೌದೆ ಹೊರೆ ಹೊತ್ತವರಿಗೆ, ಗೊಬ್ಬರದ ಚೀಲ ಎತ್ತಿದವರಿಗೆ ಏನಾಯಿತು ಎಂದು ನೀವು ಕೇಳಬಹುದು. ಅವರು ದೊಡ್ಡ ತಂಡಗಳನ್ನು ಕರೆದವರೇ ತಾನೆ? ಹೌದು, ಮತ್ತು ಅಂಥ ಕೆಲಸ ಬಲ ಕೊಡುತ್ತದೆ ಕೂಡ. ಆದರೂ ಹೊರೆಗೂ ತಾಲೀಮಿಗೂ ನಡುವಿನ ಅಂತರ ದೊಡ್ಡದು.

ಕಾಡಿನಿಂದ ಸೌದೆ ತರುವ ಹೆಂಗಸಿನ ತಲೆಯ ಮೇಲಿನ ಭಾರವನ್ನು ನಿಶ್ಚಯಿಸುವುದು ಮನೆಯ ಒಲೆ. ಆಕೆಯ ಮೈಗೆ ಎಷ್ಟು ಸೈರಣೆ ಎಂದು ಕೇಳುವವರಿಲ್ಲ. ಭಾರವೆಲ್ಲ ಕುತ್ತಿಗೆ, ಬೆನ್ನೆಲುಬಿನ ಮೇಲೆ. ಮರುದಿನ ವಿಶ್ರಾಂತಿಯಿಲ್ಲ. ಊಟ ಎಲ್ಲರಿಗಿಂತ ಕೊನೆಗೆ, ತಟ್ಟೆಯಲ್ಲಿ ಅನ್ನ ಹೆಚ್ಚು, ಬೇಳೆ ಕಡಿಮೆ. ಗರಡಿಯಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ಹುಡುಗನ ತಾಕತ್ತು ನೋಡಿ ಉಸ್ತಾದರು ಭಾರ ಹೇಳುತ್ತಾರೆ. ವಾರ ಕಳೆದಂತೆ ಅದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಬೆನ್ನು, ತೊಡೆ, ಭುಜ ಎಲ್ಲಕ್ಕೂ ಪಾಲು ಸಿಗುತ್ತದೆ. ಆಮೇಲೆ ಹಾಲು, ಬಾದಾಮಿ, ತುಪ್ಪದ ಖುರಾಕು, ಮೇಲೆ ನಿದ್ದೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದವರೂ ಮೊದಲ ದಿನವೇ ದೊಡ್ಡ ಗುಂಡಿಗೆ ಕೈ ಹಾಕಿದವರಲ್ಲ. ಸಣ್ಣದರಿಂದ ಏರುತ್ತ ಹೋದವರು.

ಈ ಏರುಭಾರವೇ ಬಲದ ಬೀಜ. ಐದು ವರ್ಷ ಒಂದೇ ತೂಕದ ಹೊರೆ ಹೊತ್ತರೆ ಮೈ ಅದಕ್ಕೆ ತಕ್ಕಷ್ಟೇ ಬಲಿತು ಅಲ್ಲೇ ನಿಲ್ಲುತ್ತದೆ. ಹಳೆಯ ದುಡಿತವೇ ಆರೋಗ್ಯ, ಯಂತ್ರಗಳು ಬಂದು ಎಲ್ಲ ಕೆಟ್ಟಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ದುಡಿತ ಎಷ್ಟೋ ಹೆಂಗಸರ ಬೆನ್ನು ಮುರಿದಿದೆ. ಟ್ರ್ಯಾಕ್ಟರು, ಗಿರಣಿ, ನಳದ ನೀರು ಬಂದದ್ದು ಒಳ್ಳೆಯದೇ. ಕಳೆದುಹೋದ ಭಾರವನ್ನು ಈಗ ನಾವು ಲೆಕ್ಕವಿಟ್ಟು, ಹಿತವಾಗಿ ಮೈಗೆ ಮರಳಿ ಕೊಡಬೇಕು.

ಎಳೆ ದಪ್ಪವಾಗುವ ಬಗೆ

ಭಾರ ಎತ್ತಿದಾಗ ಸ್ನಾಯು ಹರಿದು, ಆಮೇಲೆ ಹೊಲಿಗೆ ಹಾಕಿದಂತೆ ದಪ್ಪವಾಗುತ್ತದೆ ಎಂದು ಜಿಮ್‌ಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಬೆಳೆಯಲು ಹರಿಯಬೇಕೆಂದೇನೂ ಇಲ್ಲ. ಎಳೆಯ ಮೇಲೆ ಬಿದ್ದ ಎಳೆತವನ್ನೇ ಕೋಶ ಗುರುತಿಸುತ್ತದೆ. ಕೂಡಲೇ ಒಳಗೆ ಪ್ರೋಟೀನು ಕಟ್ಟುವ ಕೆಲಸ ಚುರುಕಾಗಿ ಒಂದೆರಡು ದಿನ ನಡೆಯುತ್ತದೆ. ಎಳೆಯ ಹೊರಮೈಗೆ ಅಂಟಿಕೊಂಡು ಮೀಸಲು ಕೋಶಗಳಿರುತ್ತವೆ. ಅಲೆಕ್ಸಾಂಡರ್ ಮೌರೊ 1961ರಲ್ಲಿ ಸೂಕ್ಷ್ಮದರ್ಶಕದಲ್ಲಿ ಇವನ್ನು ಮೊದಲು ಗುರುತಿಸಿದರು. ಬೇಕಾದಾಗ ಅವು ಎಚ್ಚೆತ್ತು ಎಳೆಯೊಳಗೆ ಬೆರೆತು ದುರಸ್ತಿಗೂ ಬೆಳವಣಿಗೆಗೂ ನೆರವಾಗುತ್ತವೆ. ಮೈಕೈ ನೋವು ಬಂದರೇ ಕಸರತ್ತು ತಾಗಿದೆ ಎಂದು ಭಾವಿಸಿ ಹೊಸಬರು ಮೊದಲ ವಾರವೇ ಅತಿ ಮಾಡಿಕೊಂಡು ಬಿಟ್ಟುಬಿಡುವುದು ಬೇಸರದ ಸಂಗತಿ. ನೋವು ಅಳತೆಗೋಲಲ್ಲ.

ಇನ್ನೂ ಒಂದು ಮಾತು. ಮೊದಲ ಕೆಲವು ವಾರಗಳಲ್ಲಿ ತೋಳು ದಪ್ಪವಾಗುವ ಮೊದಲೇ ಬಲ ಏರುತ್ತದೆ. ಸ್ನಾಯು ಬೆಳೆಯುವ ಮುಂಚೆ ನರ ಕಲಿಯುತ್ತದೆ. ಇದ್ದ ದೊಡ್ಡ ತಂಡಗಳನ್ನು ಒಟ್ಟಿಗೆ, ಬೇಗ ಕರೆಯುವುದನ್ನು ಮೈ ರೂಢಿಸಿಕೊಳ್ಳುತ್ತದೆ.

ದೊಡ್ಡ ತಂಡಗಳನ್ನು ಕರೆಸಲು ದೊಡ್ಡ ಕಬ್ಬಿಣವೇ ಬೇಕೆಂದೂ ಇಲ್ಲ. ಹಗುರ ಭಾರವನ್ನೇ ಇನ್ನಾಗದು ಎನ್ನುವಷ್ಟು ಸಲ ಎತ್ತಿದರೆ ಸಣ್ಣ ತಂಡಗಳು ದಣಿಯುತ್ತವೆ, ಆಗ ದೊಡ್ಡವು ಇಳಿಯಲೇಬೇಕು. ಕೈಯಲ್ಲಿ ಏನೂ ಇಲ್ಲದೆ ಹಾಕುವ ಬಸ್ಕಿಯೂ ಪೈಲ್ವಾನರ ತೊಡೆ ಬೆಳೆಸುವುದು ಇದರಿಂದಲೇ.

ಎಳೆಯ ಮೈ

ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಭಯ ನಮ್ಮಲ್ಲಿ ಗಟ್ಟಿಯಾಗಿದೆ. ತಿಳಿದವರ ಕಣ್ಗಾವಲಿನಲ್ಲಿ, ಮೈಗೆ ತಕ್ಕ ಭಾರ ಎತ್ತಿದ ಮಕ್ಕಳ ಎತ್ತರ ಕುಗ್ಗಿದ್ದಕ್ಕೆ ಆಧಾರವಿಲ್ಲ. ಮೈನೆರೆಯುವ ಮೊದಲು ಮಕ್ಕಳಲ್ಲಿ ಸ್ನಾಯು ಅಷ್ಟಾಗಿ ದಪ್ಪವಾಗುವುದಿಲ್ಲ, ಬಲ ಬರುವುದು ಹೆಚ್ಚಾಗಿ ನರ ಕಲಿಯುವುದರಿಂದ. ಮಲ್ಲಕಂಬ ಹತ್ತುವುದು, ಹಗ್ಗ ಎಳೆಯುವುದು, ಮರ ಏರುವುದು ಎಲ್ಲವೂ ಆ ಕಲಿಕೆಯೇ.

ಆ ವಯಸ್ಸಿನ ದೊಡ್ಡ ಲಾಭ ಮೂಳೆಗೆ. ದೊಡ್ಡವರಾದ ಮೇಲೆ ನಮ್ಮ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲುಭಾಗ ಜಮೆಯಾಗುವುದು ಹದಿಹರೆಯದಲ್ಲಿ ಎತ್ತರ ಏಕಾಏಕಿ ಚಿಮ್ಮುವ ಎರಡು ವರ್ಷಗಳ ಆಸುಪಾಸಿನಲ್ಲಿ. ಸ್ನಾಯು ಎಳೆದಾಗ ಮೂಳೆ ಒಂದಿಷ್ಟು ಬಾಗುತ್ತದೆ, ಒಳಗಿನ ಕೋಶಗಳು ಅದನ್ನು ಗುರುತಿಸಿ ಅಲ್ಲಿಗೆ ಹೊಸ ಪದರ ಹಾಕಿಸುತ್ತವೆ. ಹುಡುಗಿ ಮೈನೆರೆದ ಕೂಡಲೇ ಆಟದ ಮೈದಾನ ಬಿಡಿಸುವ ಮನೆಗಳು, ಮೂಳೆ ತುಂಬಿಕೊಳ್ಳುವ ಹೊತ್ತಿಗೇ ಅದರ ಬಾಗಿಲು ಮುಚ್ಚುತ್ತವೆ.

ಹಳಿಯಾಳ ಸೀಮೆ ಈ ವಿಷಯದಲ್ಲಿ ಮುಂದಿದೆ ಎಂದು ಹೆಮ್ಮೆಯಿಂದ ಹೇಳಬಹುದು. ಇಲ್ಲಿಯ ಕುಸ್ತಿ ಕಣದಲ್ಲಿ ಹುಡುಗಿಯರೂ ಇದ್ದಾರೆ. ಲೀನಾ ಸಿದ್ದಿಯಂಥವರು ರಾಷ್ಟ್ರಮಟ್ಟದ ಕುಸ್ತಿಯವರೆಗೆ ಹೋದರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತ್ತು. ಆಫ್ರಿಕಾ ಮೂಲದವರಿಗೆ ಹುಟ್ಟಿನಿಂದಲೇ ಕ್ರೀಡೆಯ ಮೈಕಟ್ಟು ಇರುತ್ತದೆ ಎಂಬುದು ಅದರ ಹಿಂದಿನ ಎಣಿಕೆ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳ ಓಟವೂ ನಿಂತಿತು. ಹುಟ್ಟು ಒಂದಿಷ್ಟು ಕೊಡುತ್ತದೆ ನಿಜ. ಆದರೆ ಎಳೆತಂಡಗಳು ಏಳುವುದು ತಾಲೀಮಿನಿಂದ, ಹೊಟ್ಟೆ ತುಂಬ ಊಟದಿಂದ, ನಿಲ್ಲಿಸದೆ ಕಲಿಸುವ ಗುರುವಿನಿಂದ. ಇವು ಸಿಕ್ಕರೆ ಕುಣಬಿಯ ಮಗು, ಗೌಳಿಯ ಮಗು, ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಮಗು, ಯಾರಾದರೂ ಬಲಿಯುತ್ತಾರೆ.

ನಡುವಯಸ್ಸಿನ ಸಕ್ಕರೆ

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿತು. ಊಟದ ನಂತರ ಇನ್ಸುಲಿನ್ ರಕ್ತದ ಸಕ್ಕರೆಯನ್ನು ತಳ್ಳುವ ದೊಡ್ಡ ಉಗ್ರಾಣ ನಮ್ಮ ಸ್ನಾಯುವೇ. ಸ್ನಾಯು ಕುಗ್ಗಿದರೆ ಉಗ್ರಾಣವೂ ಕುಗ್ಗುತ್ತದೆ. ಬಿಗಿದು ದುಡಿದ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ನಡೆಯಿರಿ ಎನ್ನುತ್ತಾರೆ, ಅದು ಬೇಕು. ಆದರೆ ನಡಿಗೆ ಸಣ್ಣ ತಂಡಗಳ ಕೆಲಸ. ದೊಡ್ಡ ತಂಡಗಳಲ್ಲಿರುವ ಸಕ್ಕರೆ ಖರ್ಚಾಗಬೇಕಾದರೆ ಅವುಗಳನ್ನೂ ಕರೆಯಬೇಕು.

ಹೆಂಗಸರಿಗೆ ಇನ್ನೊಂದು ತಿರುವು ಮುಟ್ಟು ನಿಲ್ಲುವ ಕಾಲ. ಮೂಳೆ ಬೇಗ ಬೇಗ ಸವೆಯುವುದು ಆಗಲೇ. ಆಸ್ಟ್ರೇಲಿಯದಲ್ಲಿ ಮೂಳೆ ತೆಳುವಾದ, ಮುಟ್ಟು ನಿಂತ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ತರಬೇತುದಾರರ ಕಣ್ಣೆದುರಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆ ಭಾರ ಎತ್ತಿತು. ಇನ್ನೊಂದು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ಎಂಟು ತಿಂಗಳ ನಂತರ ಎತ್ತಿದವರ ಬೆನ್ನೆಲುಬಿನ ಸಾಂದ್ರತೆ ಶೇ. 2.9ರಷ್ಟು ಏರಿತ್ತು, ಇನ್ನೊಂದು ಗುಂಪಿನದು ಶೇ. 1.2ರಷ್ಟು ಇಳಿದಿತ್ತು. ಈ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಸೊಂಟ ನೋವು, ಭಾರ ಎತ್ತಬೇಡ ಎಂದು ನಲವತ್ತೈದರ ಹೆಂಗಸಿಗೆ ಹೇಳುವ ನಮ್ಮ ರೂಢಿಯನ್ನು ಇನ್ನಾದರೂ ಮರುವಿಚಾರ ಮಾಡಬೇಕು.

ತೊಂಬತ್ತರ ತೊಡೆ

ಈ ಅಧ್ಯಾಯದಲ್ಲಿ ಒಂದೇ ಒಂದು ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 1990ರಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬೋಸ್ಟನ್ನಿನ ವೃದ್ಧಾಶ್ರಮವೊಂದರ ಹತ್ತು ಜನರಿಗೆ ತೊಡೆಯ ಬಲದ ತಾಲೀಮು ಕೊಟ್ಟರು. ಅವರ ಸರಾಸರಿ ವಯಸ್ಸು 90. ಮೈಯಲ್ಲಿ ಹತ್ತೆಂಟು ಕಾಯಿಲೆ. ಕೊಟ್ಟದ್ದು ಹಗುರ ಭಾರವಲ್ಲ, ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ. 80ರವರೆಗೂ ಏರಿಸಿದರು. ಎಂಟು ವಾರ ಪೂರೈಸಿದ ಒಂಬತ್ತು ಜನರ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ಗಾತ್ರ ಶೇ. 9ರಷ್ಟು ಬೆಳೆಯಿತು. ಇಬ್ಬರು ಊರುಗೋಲು ಬಿಟ್ಟು ನಡೆದರು.

ಶೇ. 174 ಮತ್ತು ಶೇ. 9, ಈ ಎರಡು ಅಂಕಿಗಳ ಅಂತರದಲ್ಲೇ ವಿಷಯವಿದೆ. ಸ್ನಾಯು ಬೆಳೆದದ್ದು ಸ್ವಲ್ಪ, ಬಲ ಏರಿದ್ದು ಬಹಳ. ಸತ್ತ ನರಕೋಶ ಮರಳಿ ಬರಲಿಲ್ಲ. ಬದುಕಿದ್ದೂ ಕೆಲಸವಿಲ್ಲದೆ ಕೂತಿದ್ದ ದೊಡ್ಡ ತಂಡಗಳಿಗೆ ಮತ್ತೆ ಕರೆ ಹೋಯಿತು, ಅವು ಎದ್ದು ಬಂದವು. ತೊಂಬತ್ತರಲ್ಲೂ ಅವು ಕಾಯುತ್ತಿರುತ್ತವೆ.

2015ರಲ್ಲಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತದ ಬಲವನ್ನು ಅಳೆದ ಅಧ್ಯಯನ ಹೊರಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಅದರಲ್ಲಿ ಪಾಲುಗೊಂಡಿದ್ದರು. ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು. ಹಿಡಿತ ಗಟ್ಟಿ ಮಾಡಿಕೊಂಡರೆ ಆಯುಸ್ಸು ಬೆಳೆಯುತ್ತದೆ ಎಂದು ಇದರಿಂದ ಹೇಳಲಾಗದು. ಇಡೀ ಮೈಯ ಕಸುವು ಎಷ್ಟಿದೆ ಎಂಬುದನ್ನು ಕೈ ತೋರಿಸಿಕೊಡುತ್ತದೆ, ಅಷ್ಟೆ.

ಎಷ್ಟು, ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ ಹೇಳುತ್ತದೆ. 65 ದಾಟಿದವರು ಇದರ ಜೊತೆ ಮೈಯ ಸಮತೋಲ ಕಾಯ್ದುಕೊಳ್ಳುವ ಅಭ್ಯಾಸವನ್ನೂ ಸೇರಿಸಿ ಮೂರು ದಿನ ಮಾಡಬೇಕು.

ಮನೆಯಲ್ಲೇ ಶುರು ಮಾಡಬಹುದು. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನ ಕೂರಿ. ಹತ್ತು ಸಲ ಸಲೀಸಾದರೆ ತಗ್ಗಿನ ಸ್ಟೂಲಿಗೆ ಬನ್ನಿ, ಆಮೇಲೆ ಬಸ್ಕಿ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ, ಹಗುರವೆನಿಸಿದರೆ ಕಟ್ಟೆಗೆ, ಕೊನೆಗೆ ನೆಲಕ್ಕೆ ಇಳಿಯಿರಿ. ಏರುಭಾರಕ್ಕೆ ಬಕೆಟ್ಟಿಗಿಂತ ಒಳ್ಳೆಯ ಸಾಧನ ಇಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಈ ವಾರ ಐದು ಲೀಟರ್ ಎತ್ತಿದವರು ಸಲೀಸಾದ ಮೇಲೆ ಆರಕ್ಕೆ ಏರಬಹುದು. ಬೆನ್ನು ನೆಟ್ಟಗಿರಲಿ, ಮೊಣಕಾಲು, ಸೊಂಟ ಮಡಚಲಿ. ಎತ್ತುವಾಗ ಉಸಿರು ಬಿಡಿ, ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಇನ್ನು ಎರಡು ಸಲ ಆದೀತು ಎನ್ನುವಾಗ ನಿಲ್ಲಿಸಿ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯ ಇದ್ದವರು, ಬಸುರಿಯರು, ಬಾಣಂತಿಯರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ತಟ್ಟೆಯನ್ನೂ ನೋಡಿಕೊಳ್ಳಿ. 2020ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಎಂದು ನಿಗದಿ ಮಾಡಿತು. 50 ಕಿಲೋ ತೂಕದವರಿಗೆ ಸುಮಾರು 42 ಗ್ರಾಂ. ವಯಸ್ಸಾದವರಿಗೂ ಭಾರ ಎತ್ತುವವರಿಗೂ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು. ಬೇಳೆ, ಹುರುಳಿ, ಹೆಸರು, ಮೊಟ್ಟೆ, ಮೀನು, ಹಾಲು, ಯಾವುದಾದರೂ ಸರಿ. ಕೊನೆಗೆ ಉಣ್ಣುವವರ ತಟ್ಟೆಗೂ ಅದು ಬೀಳಬೇಕು.

ಹಳಿಯಾಳ ಸೀಮೆಯಲ್ಲಿ ಗರಡಿಗಳಿವೆ, ಭಾರವನ್ನು ಹಂತಹಂತವಾಗಿ ಏರಿಸುವ ವಿದ್ಯೆ ಬಲ್ಲ ಉಸ್ತಾದರಿದ್ದಾರೆ. ಬೇರೆ ಊರಿನವರು ದುಡ್ಡು ಕೊಟ್ಟು ಹುಡುಕುವ ತಿಳಿವಳಿಕೆ ಇದು. ಗ್ರಾಮ ಪಂಚಾಯಿತಿಗಳಿಗೂ ಗರಡಿಯ ಹಿರಿಯರಿಗೂ ನನ್ನ ಬಿನ್ನಹ ಇಷ್ಟೆ: ವಾರಕ್ಕೆ ಎರಡು ಬೆಳಗ್ಗೆ ನಿಮ್ಮ ಬಾಗಿಲನ್ನು ನಲವತ್ತು ದಾಟಿದ ಹೆಂಗಸರಿಗೂ ಅರವತ್ತು ದಾಟಿದ ಎಲ್ಲರಿಗೂ ತೆರೆಯಿರಿ. ಒಂದು ಬೆಂಚು, ನಾಲ್ಕು ಬಕೆಟ್ಟು, ಕೈ ಹಿಡಿದು ಕಲಿಸುವ ಒಬ್ಬ ಪೈಲ್ವಾನ ಇದ್ದರೆ ಸಾಕು.